ಹಿಟ್ಟುತಿಗಣೆಯ ಹಗೆಗಳಾದ ಪರತಂತ್ರ ಕಡಜಗಳು

ಪೈರಿನ ಮೇಲೆ ಕಾಣುವ ಹುಳುಗಳೆಲ್ಲವೂ ಬೆಳೆಗೆ ಹಗೆಗಳೆಂದು ಭಾವಿಸುವುದು ಸಾಮಾನ್ಯ. ಆದರೆ ಬೆಳೆಯನ್ನು ತಿನ್ನುವ ಹುಳುಗಳನ್ನೇ ಕೊಂದು ರೈತನಿಗೆ ಉಪಕಾರ ಮಾಡುವ ಹುಳುಗಳೂ ಉಂಟು. ಇವುಗಳಲ್ಲಿ ಪರತಂತ್ರ ಕಡಜಗಳು ಮುಖ್ಯವಾದುವು. ಇವು ಸೂರಿನಲ್ಲಿ ಗೂಡು ಕಟ್ಟಿ ಕುಟುಕುವ ಕಡಜಗಳಂತಲ್ಲ. ಅನೇಕವು ಇರುವೆಗಿಂತಲೂ ಸಣ್ಣವು. ಹೆಣ್ಣು ಕಡಜವು ಬೇರೊಂದು ಕೀಟದ ಮೈಯೊಳಗೆ ಮೊಟ್ಟೆಯಿಡುವುದು. ಮೊಟ್ಟೆಯೊಡೆದ ಮರಿಯು ಆ ಕೀಟವನ್ನು ಒಳಗಿನಿಂದಲೇ ತಿಂದು ಬೆಳೆದು, ಸತ್ತ ಕೀಟದ ಚರ್ಮವನ್ನು ಕೊರೆದು ಹೊರಬರುವುದು.

ಶಾಸ್ತ್ರಜ್ಞರು ಇರುವೆ, ಜೇನು, ಕಡಜ ಇವುಗಳನ್ನು ಒಂದೇ ಗಣದಲ್ಲಿ ಸೇರಿಸಿರುವರು. ಆ ಗಣದೊಳಗಿನ ಕಾಲ್ಸಿಡ್ ಎಂಬ ಸಮೂಹದಲ್ಲಿ 22,000ಕ್ಕಿಂತ ಹೆಚ್ಚು ಜಾತಿಗಳು ವರ್ಣಿಸಲ್ಪಟ್ಟಿವೆ. ಇದರ ಒಂದು ಕುಟುಂಬಕ್ಕೆ ಎನ್‌ಸಿರ್ಟಿಡೇ ಎಂದು ಹೆಸರು. ಹಿಟ್ಟುತಿಗಣೆಗಳನ್ನು ಕೊಲ್ಲುವ ಕಡಜಗಳಲ್ಲಿ ಬಹುಪಾಲು ಈ ಕುಟುಂಬದವೇ. ಆದರೆ ಒಂದು ಜಾತಿಯ ಕಡಜವು ಎಲ್ಲ ಹಿಟ್ಟುತಿಗಣೆಗಳಲ್ಲಿಯೂ ಬೆಳೆಯಲಾರದು. ಬೀಗಕ್ಕೆ ತಕ್ಕ ಬೀಗದಕೈಯಿರುವಂತೆ, ತಿಗಣೆಯ ಜಾತಿಗೆ ತಕ್ಕ ಕಡಜವೇ ಬೇಕು. ಆದಕಾರಣ ಎರಡರ ಜಾತಿಯನ್ನೂ ಸರಿಯಾಗಿ ಗುರುತಿಸುವುದು ಮೊದಲನೆಯ ಕೆಲಸವಾಗಿದೆ.

ಗುರುತು ತಪ್ಪಿದರೆ ಏನಾಗುವುದೆಂಬುದಕ್ಕೆ ಆಫ್ರಿಕಾ ಖಂಡದ ಮರಗೆಣಸಿನ ಬೆಳೆಯು ನಿದರ್ಶನ. 1970ರ ದಶಕದಲ್ಲಿ ಅಲ್ಲಿ ಹೊಸದೊಂದು ಹಿಟ್ಟುತಿಗಣೆ ಹಬ್ಬಿ, ಬಡಜನರ ಆಹಾರವಾದ ಆ ಬೆಳೆಯನ್ನು ಹಾಳುಮಾಡಿತು. ಮರಗೆಣಸಿನ ಮೂಲಸ್ಥಾನವಾದ ದಕ್ಷಿಣ ಅಮೆರಿಕದಲ್ಲಿ ಇದರ ಹಗೆಗಳನ್ನು ಹುಡುಕಿದವರಿಗೆ ಮೊದಲು ಆ ಖಂಡದ ಉತ್ತರ ಭಾಗದಲ್ಲಿ ಇದನ್ನೇ ಹೋಲುವ ತಿಗಣೆ ದೊರೆಯಿತು. ಅದರ ಮೇಲಿನ ಕಡಜಗಳನ್ನು ತಂದು ಪರೀಕ್ಷಿಸಲು, ಅವು ಆಫ್ರಿಕಾದ ತಿಗಣೆಯಲ್ಲಿ ಬೆಳೆಯಲಿಲ್ಲ. ಅದು ಬೇರೆಯೇ ಜಾತಿಯಾಗಿದ್ದಿತು. 1981ರಲ್ಲಿ ನಿಜವಾದ ತಿಗಣೆಯು ಪರಾಗ್ವೆ ದೇಶದಲ್ಲಿ ಸಿಕ್ಕಿತು. ಅದರ ಹಗೆಯಾದ ಅನಾಗೈರಸ್ ಲೋಪೆಜಿ ಎಂಬ ಕಡಜವನ್ನು ಅದೇ ವರ್ಷ ನೈಜೀರಿಯಾದಲ್ಲಿ ಬಿಡಲಾಯಿತು. ಅದು ಕ್ರಮೇಣ ಅನೇಕ ದೇಶಗಳಿಗೆ ಹರಡಿ ಮರಗೆಣಸನ್ನು ಕಾಪಾಡಿತು. 2020ರಲ್ಲಿ ಇದೇ ತಿಗಣೆ ಕೇರಳದಲ್ಲಿ ಕಂಡುಬಂದಾಗ ಹುಡುಕಾಟದ ಅಗತ್ಯವಿರಲಿಲ್ಲ. 2021ರಲ್ಲಿಯೇ ಆ ಕಡಜವನ್ನು ಬೆನಿನ್ ದೇಶದಿಂದ ಬೆಂಗಳೂರಿಗೆ ತರಿಸಲಾಯಿತು.

ಪರಂಗಿಯ ಹಿಟ್ಟುತಿಗಣೆಯ ವೃತ್ತಾಂತವು ನಮ್ಮ ರೈತರಿಗೆ ಇನ್ನೂ ಹತ್ತಿರದ್ದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ ಈ ತಿಗಣೆಗೆ 1992ರಲ್ಲಿ ಪ್ಯಾರಕಾಕಸ್ ಮಾರ್ಜಿನೇಟಸ್ ಎಂಬ ಹೆಸರಾಯಿತು. 2008ರಲ್ಲಿ ಅದು ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪರಂಗಿ, ಹಿಪ್ಪುನೇರಳೆ, ಮರಗೆಣಸು ಮುಂತಾದ ಬೆಳೆಗಳಿಗೆ ಹತ್ತಿ, ಕರ್ನಾಟಕಕ್ಕೂ ಹಬ್ಬಿತು. ತಿಗಣೆಯ ಮೈಮೇಲಿನ ಮೇಣದ ಹುಡಿಯಿಂದಾಗಿ ಔಷಧಿಯು ಅದಕ್ಕೆ ಸುಲಭವಾಗಿ ತಾಗದು. ರೇಷ್ಮೆಹುಳುವಿಗೆ ಹಾಕುವ ಸೊಪ್ಪಿಗಂತೂ ವಿಷ ಸಿಂಪಡಿಸುವುದು ಅಪಾಯಕರ. ಈ ತಿಗಣೆಯನ್ನು ಕೊಲ್ಲುವ ಅಸೆರೋಫೇಗಸ್ ಪಪಾಯೆ ಎಂಬ ಕಡಜವನ್ನು ನಾಯ್ಸ್ ಮತ್ತು ಷಾಫ್ ಎಂಬ ಶಾಸ್ತ್ರಜ್ಞರು 2003ರಲ್ಲಷ್ಟೇ ಹೊಸ ಜಾತಿಯೆಂದು ವರ್ಣಿಸಿದ್ದರು. ಅದು ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲ. 2010ರಲ್ಲಿ ಅದನ್ನೂ ಇನ್ನೆರಡು ಜಾತಿಗಳನ್ನೂ ಪೋರ್ಟೋರಿಕೋ ದ್ವೀಪದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿದ ತರುವಾಯ ತೋಟಗಳಲ್ಲಿ ಬಿಡಲಾಯಿತು. ಮುಂದೆ ತಿಗಣೆಯ ಹಾವಳಿಯು ಬಹುಮಟ್ಟಿಗೆ ಇಳಿಯಿತು. ಏಳು ವರ್ಷಗಳ ಹಿಂದೆ ಹೆಸರೇ ಇಲ್ಲದಿದ್ದ ಹುಳುವು ಹೀಗೆ ರೈತನ ನೆರವಿಗೆ ಬಂದಿತು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ಗಮನಿಸತಕ್ಕ ಅಂಶಗಳು ಕೆಲವಿವೆ.

1. ಕಡಜ ಹೊಕ್ಕ ತಿಗಣೆಯು ಊದಿ, ಕಂದುಬಣ್ಣಕ್ಕೆ ತಿರುಗಿ, ಚರ್ಮ ಗಟ್ಟಿಯಾಗಿ ಎಲೆಗೆ ಅಂಟಿಕೊಂಡಿರುವುದು. ಅದರಲ್ಲಿ ಗುಂಡನೆಯ ಸಣ್ಣ ರಂಧ್ರವಿದ್ದರೆ ಕಡಜವು ಹೊರಬಿದ್ದಿತೆಂದು ತಿಳಿಯಬೇಕು. ರಂಧ್ರವಿಲ್ಲದಿದ್ದರೆ ಕಡಜವು ಇನ್ನೂ ಒಳಗಿರಬಹುದು. ಅಂತಹ ಎಲೆಗಳನ್ನು ಸುಡತಕ್ಕದ್ದಲ್ಲ.

2. ಕಡಜಗಳಿರುವ ತೋಟಕ್ಕೆ ಕೀಟನಾಶಕವನ್ನು ಸಿಂಪಡಿಸಿದರೆ ತಿಗಣೆಗಿಂತ ಮೊದಲು ಕಡಜಗಳೇ ಸಾಯುವ ಸಂಭವವುಂಟು. ಕಡಜಕ್ಕೆ ಜಮೀನಿನ ಎಲ್ಲೆಯಿಲ್ಲ. ಒಬ್ಬನು ಸಿಂಪಡಿಸಿದರೆ ನೆರೆಯವನ ಕಡಜಗಳೂ ನಾಶವಾಗುವುವು. ಆದ್ದರಿಂದ ಊರಿನವರೆಲ್ಲರೂ ಕೂಡಿ ನಿರ್ಧರಿಸುವುದು ಲೇಸು.

3. ತಿಗಣೆಯ ಸಿಹಿದ್ರವಕ್ಕಾಗಿ ಬರುವ ಇರುವೆಗಳು ಕಡಜಗಳನ್ನು ಓಡಿಸುವುವು. ಇರುವೆಗಳು ಗಿಡವೇರದಂತೆ ನೋಡಿಕೊಳ್ಳಬೇಕು.

4. ಅಪರಿಚಿತವಾದ ಹಿಟ್ಟುತಿಗಣೆ ಕಂಡಲ್ಲಿ ಕೆಲವನ್ನು ಮದ್ಯಸಾರ ತುಂಬಿದ ಸಣ್ಣ ಸೀಸೆಯಲ್ಲಿಟ್ಟು, ಬೆಳೆ, ಊರು, ತಾರೀಖುಗಳನ್ನು ಬರೆದು, ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಕಚೇರಿಗೆ ಕೂಡಲೆ ಒಪ್ಪಿಸಬೇಕು.

ಹೆಸರು ತಿಳಿಯದ ಹುಳುವಿಗೆ ತಕ್ಕ ಹಗೆಯನ್ನು ಹುಡುಕುವುದು ಕಷ್ಟ. ಸಕಾಲಕ್ಕೆ ಕಳುಹಿಸಿದ ಒಂದು ಸೀಸೆಯು ಒಂದು ಸೀಮೆಯ ಬೆಳೆಯನ್ನೇ ಉಳಿಸಬಹುದು.