ಡೇಕೇರ್‌ಗೆ ಅಡ್ವಾನ್ಸ್ ಕಟ್ಟುವ ಮೊದಲು

ಹೆರಿಗೆ ರಜೆಯ 26 ವಾರ ಮುಗಿಯುತ್ತ ಬಂದ ಹಾಗೆ ಮನೆಯಲ್ಲಿ ಒಂದೇ ಚರ್ಚೆ: ಕೂಸನ್ನು ಯಾರ ಹತ್ತಿರ ಬಿಡುವುದು? ಅಜ್ಜಿ ಊರಲ್ಲಿದ್ದಾರೆ. ಆಯಾ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ. ಕೊನೆಗೆ ಹತ್ತಿರದ ಯಾವುದೋ ಡೇಕೇರ್‌ಗೆ ಹೋಗಿ ಅಡ್ವಾನ್ಸ್ ಕಟ್ಟಿ ಬರುತ್ತೇವೆ. ಆದರೆ ಕಾನೂನಿನ ಪ್ರಕಾರ ಮೊದಲು ವಿಚಾರಿಸಬೇಕಾದ್ದು ಅಲ್ಲಲ್ಲ, ನೀವು ಕೆಲಸ ಮಾಡುವ ಕಡೆ.

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಹೊಂದಿರಲೇಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಈ ಕಡ್ಡಾಯವನ್ನು ತಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರ 67ನೇ ಕಲಂ ಅದನ್ನೇ ಮುಂದುವರಿಸಿದೆ. ಇಲ್ಲಿ ಒಂದು ತಪ್ಪು ಲೆಕ್ಕ ಬಹಳ ಕಡೆ ಕೇಳಿಬರುತ್ತದೆ. “ನಮ್ಮಲ್ಲಿ ಹೆಣ್ಣುಮಕ್ಕಳು ಇರುವುದೇ ಎಂಟು ಜನ, ನಮಗೆ ಆ ರೂಲ್ ಬರೋದಿಲ್ಲ ಮೇಡಂ” ಎನ್ನುತ್ತಾರೆ ಎಚ್‌ಆರ್‌ನವರು. 1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಎಂಬ ಮಾತಿತ್ತು. ಆ ನೆನಪೇ ಇನ್ನೂ ಉಳಿದಿದೆ. ಈಗಿನ 50 ಎಂಬುದು ಒಟ್ಟು ನೌಕರರ ಸಂಖ್ಯೆ, ಮಹಿಳೆಯರದ್ದಲ್ಲ. ಸಂಹಿತೆಯ ವ್ಯಾಖ್ಯೆಯಲ್ಲಿ ಗುತ್ತಿಗೆದಾರರ ಮೂಲಕ ಬಂದವರೂ ನೌಕರರೇ. ಆದ್ದರಿಂದ ಗೇಟಿನ ಸೆಕ್ಯೂರಿಟಿಯವರನ್ನೂ ಹೌಸ್‌ಕೀಪಿಂಗ್‌ನವರನ್ನೂ ಸೇರಿಸಿ ಎಣಿಸಿ.

ಸಂಸ್ಥೆ ತಾನೇ ಕೇಂದ್ರ ತೆರೆಯಬಹುದು. ಅಕ್ಕಪಕ್ಕದ ಸಂಸ್ಥೆಗಳೊಂದಿಗೆ ಸೇರಿ ನಡೆಸಬಹುದು, ಸರ್ಕಾರದ್ದೋ ಖಾಸಗಿಯವರದ್ದೋ ಕೇಂದ್ರವನ್ನು ಗೊತ್ತುಮಾಡಿಕೊಡಲೂಬಹುದು. ಕೂಸನ್ನು ನೋಡಿಬರಲು ತಾಯಿಗೆ ದಿನಕ್ಕೆ ನಾಲ್ಕು ಸಲ ಬಿಡಬೇಕು. ಆಕೆಯ ವಿರಾಮದ ಹೊತ್ತೂ ಈ ನಾಲ್ಕರಲ್ಲಿ ಸೇರುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆ ಇದೆ. ಈ ಸವಲತ್ತುಗಳನ್ನು ಕೆಲಸಕ್ಕೆ ಸೇರುವಾಗಲೇ ಮಹಿಳೆಗೆ ಲಿಖಿತವಾಗಿ ತಿಳಿಸಬೇಕು. ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ, ಇದರ ಒಂದು ಸಾಲೂ ಇರದಿದ್ದರೆ ಲೋಪ ಅಲ್ಲಿಂದಲೇ ಶುರು. ಅಪ್ಪಂದಿರೂ ಕೇಳಬಹುದೇ? ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಇನ್ನೊಂದು ಸಂಹಿತೆಯ 24ನೇ ಕಲಂ ನೌಕರರ ಆರು ವರ್ಷದೊಳಗಿನ ಮಕ್ಕಳು ಎಂದು ಹೇಳುತ್ತದೆಯೇ ಹೊರತು ತಾಯಂದಿರ ಮಕ್ಕಳು ಎಂದಲ್ಲ.

ಎಡವಟ್ಟು ಇರುವುದು ದುಡ್ಡಿನ ವಿಷಯದಲ್ಲಿ. ಸೌಲಭ್ಯ ಇರಬೇಕು ಎಂದು ಹೇಳುವ ಕಲಂ, ಅದರ ಖರ್ಚು ಯಾರದ್ದು ಎಂದು ಬಿಡಿಸಿ ಹೇಳುವುದಿಲ್ಲ. ಇದರ ಲಾಭ ಪಡೆದು ಯಾವುದೋ ಡೇಕೇರ್ ಜೊತೆ ಟೈ-ಅಪ್ ಮಾಡಿಕೊಂಡು ಶೇಕಡಾ ಹತ್ತರ ರಿಯಾಯಿತಿ ಕೂಪನ್ ಕೈಗಿಟ್ಟು ಕೈತೊಳೆದುಕೊಳ್ಳುವ ಸಂಸ್ಥೆಗಳಿವೆ. ತಿಂಗಳ ಸಂಬಳದ ಅರ್ಧ ನುಂಗುವ ಜಾಗಕ್ಕೆ ಕೂಪನ್ ಕೊಡುವುದನ್ನು ಸೌಲಭ್ಯ ಎಂದು ಕರೆಯಲು ನಾನಂತೂ ಒಪ್ಪುವುದಿಲ್ಲ. ಶುಲ್ಕದಲ್ಲಿ ಕಂಪನಿಯ ಪಾಲೆಷ್ಟು, ನಿಮ್ಮ ಪಾಲೆಷ್ಟು ಎಂಬುದನ್ನು ಬರಹದಲ್ಲೇ ಕೇಳಿ.

ಕೇಳುವ ಪತ್ರ ಉದ್ದವಿರಬೇಕಿಲ್ಲ. ಹೀಗೆ ಬರೆದರೆ ಸಾಕು: “ಸಾಮಾಜಿಕ ಭದ್ರತಾ ಸಂಹಿತೆ, 2020ರ ಕಲಂ 67ರಂತೆ ನಮ್ಮ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಎಲ್ಲಿದೆ, ಅದರ ಸಮಯ ಏನು, ಶುಲ್ಕದಲ್ಲಿ ಸಂಸ್ಥೆಯ ಪಾಲು ಎಷ್ಟು ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ. ನಾನು ಇಂಥ ದಿನಾಂಕಕ್ಕೆ ಕೆಲಸಕ್ಕೆ ಮರಳುತ್ತಿದ್ದು, ನನ್ನ ಮಗುವಿಗೆ ಆ ದಿನದಿಂದ ಈ ಸೌಲಭ್ಯ ಬೇಕಾಗಿದೆ.” ಇದನ್ನು ಇ-ಮೇಲ್‌ನಲ್ಲೇ ಕಳಿಸಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ. ಒಬ್ಬರೇ ಕೇಳಲು ಅಳುಕಿದ್ದರೆ ನಾಲ್ಕಾರು ತಾಯಿ-ತಂದೆಯರು ಸೇರಿ ಸಹಿ ಹಾಕಿ. ಉತ್ತರ ಬಾರದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ನಿಮ್ಮ ಭಾಗದ ಕಾರ್ಮಿಕ ಅಧಿಕಾರಿಗೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಸಹಾಯವಾಣಿ 155214.

ಹತ್ತು ಜನರ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ, ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ಈ ಕಲಂ ದಕ್ಕುವುದಿಲ್ಲ. ಇದು ಕಾನೂನಿನ ದೊಡ್ಡ ತೂತು. ಅವರಿಗೆ ಉಳಿದ ದಾರಿ ಸರ್ಕಾರಿ ಯೋಜನೆಗಳು. ಅಂಗನವಾಡಿಯಲ್ಲಿ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಉಚಿತ ಪೌಷ್ಟಿಕ ಆಹಾರ ಸಿಗುವುದು ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಹಕ್ಕು. ಆದರೆ ಅಂಗನವಾಡಿಯ ಹೊತ್ತು ಪೂರ್ಣ ದಿನದ ಕೆಲಸಕ್ಕೆ ಹೊಂದುವುದು ಕಷ್ಟ. ಕೇಂದ್ರದ ಪಾಲ್ನಾ ಯೋಜನೆಯಡಿ ಕೆಲವು ಅಂಗನವಾಡಿಗಳಲ್ಲೇ ಶಿಶುಪಾಲನೆಯೂ ನಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಯಲ್ಲಿ ಕೇಳಿ. ಹಳ್ಳಿಗಳಲ್ಲಾದರೆ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಇದೆ. ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ವಿಚಾರಿಸಿ. ಬೋರ್ಡು ಇದ್ದು ಬಾಗಿಲಿಗೆ ಬೀಗ ಬಿದ್ದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನು ಖಾಸಗಿ ಡೇಕೇರ್. ಗೋಡೆಯ ಮೇಲೆ ಫ್ರೇಮ್ ಹಾಕಿಸಿ ತೂಗುಹಾಕಿದ ‘ಲೈಸೆನ್ಸ್’ ಅನ್ನು ಹತ್ತಿರ ಹೋಗಿ ಓದಿ. ಅದು ಪಾಲಿಕೆಯ ಉದ್ದಿಮೆ ಪರವಾನಗಿಯೋ ಸಂಘದ ನೋಂದಣಿಯೋ ಆಗಿದ್ದರೆ, ಅಲ್ಲಿ ವ್ಯವಹಾರ ನಡೆಸಬಹುದು ಎಂದಷ್ಟೇ ಅರ್ಥ. ಮಕ್ಕಳು ಕ್ಷೇಮವಾಗಿರುತ್ತಾರೆ ಎಂದು ಯಾರೂ ತಪಾಸಣೆ ಮಾಡಿ ಬರೆದುಕೊಟ್ಟದ್ದಲ್ಲ. ಅಳತೆಗೋಲು ಬೇಕಿದ್ದರೆ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದು ಕೆಲಸದ ಸ್ಥಳದ ಕೇಂದ್ರಗಳಿಗಾಗಿ ಬರೆದದ್ದಾದರೂ ತಂದೆತಾಯಿಗೆ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ. ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ತರಬೇತಿ ಪಡೆದ ಕಾರ್ಯಕರ್ತೆ ಇರಬೇಕು, ಜೊತೆಗೆ ಸಹಾಯಕಿ. ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿರಬೇಕು.

ನೋಡಲು ಹೋಗುವುದಾದರೆ ಬೆಳಗಿನ ಹತ್ತು ಗಂಟೆಗೆ ಹೋಗಬೇಡಿ. ಆಗ ಎಲ್ಲೆಡೆ ಹಾಡು, ಬಲೂನು. ಮಧ್ಯಾಹ್ನ ಎರಡರ ಸುಮಾರಿಗೆ, ಮಕ್ಕಳು ಮಲಗಿರುವಾಗ ಹೋಗಿ. ಮಲಗುವ ಕೋಣೆಯಲ್ಲಿ ಎಚ್ಚರವಿರುವ ಒಬ್ಬರಾದರೂ ಇದ್ದಾರೆಯೇ? ಔಷಧಿ ಕೊಟ್ಟದ್ದಕ್ಕೆ ಸಮಯ, ಪ್ರಮಾಣ ಬರೆದ ಪುಸ್ತಕವಿದೆಯೇ? ಮಗುವನ್ನು ಕರೆದೊಯ್ಯಲು ಬರಬಹುದಾದವರ ಫೋಟೊ ಪಟ್ಟಿ ಬಾಗಿಲ ಬಳಿ ಇದೆಯೇ? ಒಳಗೆ ಬಿಡಲು ತಕರಾರು ಮಾಡಿದರೆ ಆ ಡೇಕೇರ್ ಬಿಟ್ಟುಬಿಡಿ.

ಪ್ರವೇಶದ ಫಾರಂ ಮನೆಗೆ ತಂದು ಓದಿ. ಡೆಪಾಸಿಟ್ ವಾಪಸ್ ಬರುತ್ತದೋ ಇಲ್ಲವೋ, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಸಂಜೆ ಆರಕ್ಕೆ ಬರಬೇಕಾದವರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅರ್ಧ ಗಂಟೆಗೆ ಎಷ್ಟು ದಂಡ, ಇವೆಲ್ಲ ಅದರಲ್ಲಿರಬೇಕು. “ಯಾವುದೇ ಅವಘಡಕ್ಕೆ ಸಂಸ್ಥೆ ಹೊಣೆಯಲ್ಲ” ಎಂಬ ಸಾಲೂ ಕೆಲವು ಫಾರಂಗಳಲ್ಲಿರುತ್ತದೆ. ಆ ಸಾಲಿನಿಂದ ನಿರ್ಲಕ್ಷ್ಯದ ಹೊಣೆ ತಾನಾಗಿ ಅಳಿಸಿಹೋಗುವುದಿಲ್ಲ, ಸಹಿ ಹಾಕಿದ ಮೇಲೂ ಅದನ್ನು ಪ್ರಶ್ನಿಸಬಹುದು. ಪ್ರತಿ ತಿಂಗಳೂ ರಸೀದಿ ಪಡೆಯಿರಿ. ಕೊಟ್ಟ ಹಣಕ್ಕೆ ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಡೆಪಾಸಿಟ್ ಹಿಂದಿರುಗಿಸದಿದ್ದರೆ, ಹೇಳಿದ ಸೇವೆ ಕೊಡದಿದ್ದರೆ ಎರಡು ವರ್ಷದೊಳಗೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ಡೆಪಾಸಿಟ್ ತಕರಾರು ಅಲ್ಲೇ ಮುಗಿಯಬಹುದು.

ಮಗುವಿನ ಮೈಮೇಲೆ ಗಾಯ ಕಂಡರೆ, ಡೇಕೇರ್ ಹೆಸರೆತ್ತಿದರೆ ಮಗು ಹೆದರಿ ಅಳತೊಡಗಿದರೆ ದುಡ್ಡಿನ ಮಾತು ಬದಿಗಿಡಿ. ಗಾಯದ ಫೋಟೊ ತೆಗೆದು, ವೈದ್ಯರಿಗೆ ತೋರಿಸಿ ದಾಖಲೆ ಪಡೆಯಿರಿ. ಸಿಸಿಟಿವಿ ಇದ್ದರೆ ಆ ದಿನದ ದೃಶ್ಯ ಅಳಿಸಬಾರದೆಂದು ಸಂಸ್ಥೆಗೆ ಅಂದೇ ಲಿಖಿತವಾಗಿ ತಿಳಿಸಿ, ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಕ್ಕಳ ಆರೈಕೆಯ ಸಂಸ್ಥೆಯ ಸಿಬ್ಬಂದಿಯೇ ಮಗುವನ್ನು ಹಿಂಸಿಸಿದರೆ ಬಾಲನ್ಯಾಯ ಕಾಯ್ದೆ, 2015ರ 75ನೇ ಕಲಂ ಪ್ರಕಾರ ಐದು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದೂ ಮುಚ್ಚಿಟ್ಟ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯಡಿ ಶಿಕ್ಷೆ ಇದೆ. ಮಾತುಕತೆಯಲ್ಲಿ ಬಗೆಹರಿಸಿಕೊಳ್ಳೋಣ ಎಂದು ಯಾರಾದರೂ ನಡುವೆ ಬಂದರೆ ಒಪ್ಪಬೇಡಿ.

ಈ ಯಾವ ಹಂತದಲ್ಲೂ ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಪ್ರಕಾರ ಮಹಿಳೆಯರು ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.