ಮನೆ ಬೆಲೆ ಎಷ್ಟು ಇಳಿದಿದೆ? ವಾದಕ್ಕೆ ಮೊದಲು ಲೆಕ್ಕ

ನಾಲ್ಕು ಜನ ಸೇರಿದ ಕಡೆ ಸೈಟು, ಫ್ಲ್ಯಾಟಿನ ಮಾತು ಬಂತೆಂದರೆ ಎರಡು ಪಕ್ಷವಾಗುವುದು ಗ್ಯಾರಂಟಿ. ‘ರೇಟು ಬಿದ್ದೋಗಿದೆ, ಕೇಳೋರಿಲ್ಲ’ ಎನ್ನುವವರು ಒಂದು ಕಡೆ, ‘ಬೆಂಗಳೂರಲ್ಲಿ ಜಾಗದ ಬೆಲೆ ಇಳಿದಿದ್ದು ಯಾವಾಗ ಸ್ವಾಮಿ?’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಬಳಿಯೂ ಅಂಕಿ ಇರುತ್ತದೆ, ಇಬ್ಬರದೂ ಸುಳ್ಳಲ್ಲ. ಒಬ್ಬರು ಬಿಲ್ಡರ್ ಕೊಟ್ಟ ಆಫರ್ ನೋಡಿದ್ದಾರೆ, ಇನ್ನೊಬ್ಬರು ಪಕ್ಕದ ಮನೆಯವರು ಹೇಳುತ್ತಿರುವ ರೇಟು ಕೇಳಿದ್ದಾರೆ, ಅಷ್ಟೆ.

ಅಮೆರಿಕದಲ್ಲಿ 2006ರಿಂದ 2012ರವರೆಗೆ ಮನೆ ಬೆಲೆ ಕುಸಿದಾಗ ಕೇಸ್-ಶಿಲ್ಲರ್ ರಾಷ್ಟ್ರೀಯ ಸೂಚ್ಯಂಕ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಅದು ಒಂದೇ ಮನೆ ಎರಡು ಸಲ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವ ಸೂಚ್ಯಂಕ. ಹಾಗಾಗಿ ಅಲ್ಲಿನ ಕುಸಿತ ಕಣ್ಣಿಗೆ ರಾಚುವಂತಿತ್ತು. ನಮ್ಮಲ್ಲಿ ಇಳಿಕೆ ಹಾಗೆ ಎದುರಿಗೆ ಬಂದು ನಿಲ್ಲುವುದು ಅಪರೂಪ. ರೇಟ್ ಕಾರ್ಡು ಹಾಗೇ ಇರುತ್ತದೆ, ಮಾರಾಟ ನಿಧಾನವಾಗುತ್ತದೆ, ‘ಕಾರ್ ಪಾರ್ಕಿಂಗ್ ಫ್ರೀ’ ಬೋರ್ಡು ಬರುತ್ತದೆ, ಅದೇ ಎರಡು ಬೆಡ್‌ರೂಮಿನ ಮನೆ ಸದ್ದಿಲ್ಲದೆ ಚಿಕ್ಕದಾಗುತ್ತದೆ. ಇಲ್ಲವೇ ಬೆಲೆ ವರ್ಷಗಟ್ಟಲೆ ಅಲ್ಲಾಡದೆ ಕೂತು, ರೂಪಾಯಿಯೇ ಸವೆದುಹೋಗುತ್ತದೆ. ಇಳಿಕೆಯನ್ನು ನಾವೇ ಹುಡುಕಿ ತೆಗೆಯಬೇಕು. ಕೊಳ್ಳುವ ಯೋಚನೆ ಇರುವವರಿಗೆ ಇದು ಬಿಡುವಿನಲ್ಲಿ ಮಾಡಬಹುದಾದ ಕೆಲಸ.

ಮೊದಲು, ಯಾವ ಬೆಲೆ ಎಂದು ತೀರ್ಮಾನಿಸಿ

ಒಂದೇ ಮನೆಗೆ ಕನಿಷ್ಠ ನಾಲ್ಕು ಬೆಲೆ ಇರುತ್ತವೆ. ಜಾಹೀರಾತಿನಲ್ಲಿ ಹೇಳುವ ಬೆಲೆ, ಮಾತುಕತೆಯಲ್ಲಿ ಕುದುರಿದ ಬೆಲೆ, ಕ್ರಯಪತ್ರದಲ್ಲಿ ಬರೆದ ಬೆಲೆ, ನೋಂದಣಿ ಲೆಕ್ಕಕ್ಕೆ ಸರ್ಕಾರ ನಿಗದಿ ಮಾಡಿದ ಗೈಡೆನ್ಸ್ ವ್ಯಾಲ್ಯೂ. ಹೋದ ವರ್ಷದ ಜಾಹೀರಾತಿನ ಬೆಲೆಯನ್ನು ಈ ವರ್ಷದ ಕ್ರಯಪತ್ರದ ಬೆಲೆಯ ಪಕ್ಕ ಇಟ್ಟು ‘ಶೇ 15 ಇಳಿದಿದೆ’ ಎಂದರೆ ಅದು ಇಳಿಕೆಯಲ್ಲ, ಮಾಮೂಲಿ ಚೌಕಾಸಿ. ಯಾವುದನ್ನು ಹಿಡಿದರೂ ಎರಡೂ ಕಡೆ ಅದನ್ನೇ ಹಿಡಿಯಿರಿ.

ಹೇಳುವ ಬೆಲೆಯನ್ನು ನಾನು ಕೊನೆಗೆ ನೋಡುತ್ತೇನೆ. ಸಾಲದ ಕಂತಿನ ಒತ್ತಡ ಇಲ್ಲದ ಮಾಲೀಕರು ಕೇಳಿದ ರೇಟು ಬರದಿದ್ದರೆ ಇಳಿಸುವುದಿಲ್ಲ, ‘ನಮಗೇನು ಅರ್ಜೆಂಟ್ ಇಲ್ಲ ಬಿಡಿ’ ಎಂದು ಬಾಡಿಗೆಗೆ ಕೊಟ್ಟು ಸುಮ್ಮನಾಗುತ್ತಾರೆ. ಅಂಥ ಮನೆ ಜಾಹೀರಾತಿನಿಂದಲೇ ಮಾಯವಾಗುವುದರಿಂದ, ಉಳಿದ ಜಾಹೀರಾತುಗಳನ್ನು ನೋಡಿದವರಿಗೆ ಮಾರುಕಟ್ಟೆ ಗಟ್ಟಿಯಾಗಿದೆ ಎನಿಸುತ್ತದೆ. ಆದ್ದರಿಂದ ನಿಮಗೆ ಬೇಕಾದ ಬಡಾವಣೆಯ ಹತ್ತು ಜಾಹೀರಾತುಗಳನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಎಷ್ಟು ಹಾಗೇ ಉಳಿದಿವೆ, ಎಷ್ಟರ ರೇಟು ಬದಲಾಗಿದೆ ನೋಡಿ. ಬೆಲೆಗಿಂತ ಮೊದಲು ಮಂಕಾಗುವುದು ವ್ಯಾಪಾರ.

ಇಸಿ ತೆಗೆಸಿ, ಸಾಲು ಸಾಲಾಗಿ ಓದಿ

ಈ ಇಡೀ ಕೆಲಸದ ಜೀವಾಳ ಇದು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರವನ್ನು ಆಸ್ತಿ ಕೊಳ್ಳುವಾಗ ಸಾಲ ಇದೆಯೇ ಎಂದು ನೋಡಲು ಮಾತ್ರ ತೆಗೆಸುವುದು ರೂಢಿ. ಅದರಲ್ಲಿ ಬೆಲೆಯ ಚರಿತ್ರೆಯೂ ಇರುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಇದು ಗುಟ್ಟಿನ ಕಾಗದವೂ ಅಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ದಸ್ತಾವೇಜುಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇಸಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಾಗಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾಗಲಿ ಅರ್ಜಿ ಹಾಕಬಹುದು. ನಿಮಗೆ ಬೇಕಾದ ಕಟ್ಟಡದ, ಅಥವಾ ಅದೇ ರಸ್ತೆಯ, ಇತ್ತೀಚೆಗೆ ಕೈ ಬದಲಾದ ಮೂರ್ನಾಲ್ಕು ಆಸ್ತಿಗಳ ಸಂಖ್ಯೆಯನ್ನು ಬ್ರೋಕರ್ ಅಥವಾ ಅಲ್ಲಿನ ನಿವಾಸಿಗಳಿಂದ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ವ್ಯವಹಾರ ನಡೆದಿದ್ದರೆ ಬರುವುದು ನಮೂನೆ 15. ಅದರಲ್ಲಿ ಪ್ರತಿ ವ್ಯವಹಾರದ ಎದುರು ದಿನಾಂಕ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಇರುತ್ತವೆ. ಜೊತೆಗೆ ಎರಡು ಮೊತ್ತಗಳಿರುತ್ತವೆ: ಮಾರುಕಟ್ಟೆ ಮೌಲ್ಯ, ಪ್ರತಿಫಲ. ಹೆಸರು ಕೇಳಿ ಮೋಸ ಹೋಗಬೇಡಿ. ಇಲ್ಲಿ ‘ಮಾರುಕಟ್ಟೆ ಮೌಲ್ಯ’ ಎಂದರೆ ಗೈಡೆನ್ಸ್ ದರದ ಪ್ರಕಾರ ಕಟ್ಟಿದ ಲೆಕ್ಕ. ಕೊಟ್ಟು ತೆಗೆದುಕೊಂಡ ಹಣ ಎಂದು ಪಾರ್ಟಿಗಳು ಬರೆಸಿದ್ದು ‘ಪ್ರತಿಫಲ’. ಎರಡೂ ಮೊತ್ತ ಒಂದೇ ಆಗಿದ್ದರೆ, ಅಥವಾ ಪ್ರತಿಫಲ ಒಂದಿಷ್ಟೇ ಮೇಲಿದ್ದರೆ, ಆ ಸಾಲನ್ನು ಪಕ್ಕಕ್ಕಿಡಿ. ಅಲ್ಲಿ ನಿಮಗೆ ಕಾಣುತ್ತಿರುವುದು ಬಹುಶಃ ಸರ್ಕಾರದ ದರವೇ ಹೊರತು ವ್ಯಾಪಾರದ ಬೆಲೆಯಲ್ಲ. ಉಳಿದದ್ದು ಬ್ಲ್ಯಾಕಿನಲ್ಲಿ ಹೋಗಿರಬಹುದು.

ಹಾಗಾದರೆ ನಂಬುವುದು ಯಾವುದನ್ನು? ಕ್ರಯಪತ್ರದ ಬೆನ್ನಿಗೇ ಬ್ಯಾಂಕಿನ ಹೆಸರಲ್ಲಿ ಹಕ್ಕುಪತ್ರ ಠೇವಣಿಯ ನಮೂದು ಇರುವ ಸಾಲುಗಳನ್ನು ಹುಡುಕಿ. ಸಾಲ ಮಾಡಿ ಕೊಂಡವರಿಗೆ ಕಾಗದದಲ್ಲಿ ಪೂರ್ತಿ ಬೆಲೆ ಕಾಣಿಸುವುದೇ ಲಾಭ, ಏಕೆಂದರೆ ಬ್ಯಾಂಕು ಸಾಲದ ಮೊತ್ತ ನಿರ್ಧರಿಸುವಾಗ ಅದನ್ನೂ ನೋಡುತ್ತದೆ. ಅಂಥ ನಾಲ್ಕು ನಮೂದು ಸಿಕ್ಕರೆ ನಲವತ್ತು ಜಾಹೀರಾತಿಗಿಂತ ಮೇಲು.

ಕ್ರಯಪತ್ರದ ಬೆಲೆಗೆ ಇನ್ನೊಂದು ಮಿತಿಯಿದೆ. ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಪ್ರತಿಫಲ, ಗೈಡೆನ್ಸ್ ಮೌಲ್ಯ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಗೈಡೆನ್ಸ್ ಮೌಲ್ಯ ಕ್ರಯದ ಮೊತ್ತಕ್ಕಿಂತ ಶೇ 10ಕ್ಕೂ ಹೆಚ್ಚಿದ್ದರೆ ಆದಾಯ ತೆರಿಗೆಯವರೂ ಗೈಡೆನ್ಸ್ ಅನ್ನೇ ಹಿಡಿಯುತ್ತಾರೆ. ಹೀಗಾಗಿ ನಿಜವಾದ ಬೆಲೆ ಗೈಡೆನ್ಸ್‌ಗಿಂತ ಕೆಳಗೆ ಹೋದರೂ ಅದನ್ನು ಹಾಗೇ ಬರೆಸುವವರು ಕಡಿಮೆ. ಕಾಗದದ ಬೆಲೆಗೆ ಕೆಳಗಿನಿಂದ ಒಂದು ತಡೆ ಬಿದ್ದಿದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಗೈಡೆನ್ಸ್ ದರ ಏರಿದಾಗ ಆ ತಡೆಯೇ ಮೇಲಕ್ಕೆ ಹೋಯಿತು. ಆ ದಿನದ ಆಚೆ ಈಚೆ ಇರುವ ಎರಡು ಕ್ರಯಪತ್ರ ಹೋಲಿಸಿದಾಗ ಕಾಣುವ ಏರಿಕೆಯಲ್ಲಿ ಸ್ವಲ್ಪ ಪಾಲು ಬರೀ ಕಾಗದದ್ದಾಗಿರಬಹುದು.

ಸೂಚ್ಯಂಕ ನೋಡಿ, ಜೋತು ಬೀಳಬೇಡಿ

ರಾಷ್ಟ್ರೀಯ ವಸತಿ ಬ್ಯಾಂಕು 2007ರಿಂದ ‘ರೆಸಿಡೆಕ್ಸ್’ ಪ್ರಕಟಿಸುತ್ತಿದೆ, ರಿಸರ್ವ್ ಬ್ಯಾಂಕಿನದು ಇನ್ನೊಂದು ಸೂಚ್ಯಂಕ. ಎರಡರಲ್ಲೂ ಬೆಂಗಳೂರು ಇದೆ. ರೆಸಿಡೆಕ್ಸ್‌ನ ಒಂದು ಸರಣಿ ಸಾಲ ಕೊಡುವಾಗ ಬ್ಯಾಂಕುಗಳು ಮಾಡಿಸಿದ ಮೌಲ್ಯಮಾಪನವನ್ನು ಆಧರಿಸಿದ್ದು, ರಿಸರ್ವ್ ಬ್ಯಾಂಕಿನದು ನೋಂದಣಿ ಇಲಾಖೆಗಳ ಅಂಕಿಯನ್ನು ಆಧರಿಸಿದ್ದು. ಒಂದೇ ತ್ರೈಮಾಸಿಕಕ್ಕೆ ಎರಡೂ ಬೇರೆ ಬೇರೆ ಹೇಳಿದರೆ ಆಶ್ಚರ್ಯವಿಲ್ಲ. ಇಡೀ ಊರಿನ ದಿಕ್ಕು ತಿಳಿಯಲು ಇವು ಸಾಕು, ಜೆ.ಪಿ. ನಗರದ ಒಂದು ಫ್ಲ್ಯಾಟಿನ ಬೆಲೆ ಹೇಳಲು ಸಾಲವು.

ಆದರೆ ‘ಸರಾಸರಿ ಮಾರಾಟ ಬೆಲೆ’ ಎಂಬ ಅಂಕಿ ಕಂಡರೆ ಹುಷಾರಾಗಿರಿ. ಒಂದು ತ್ರೈಮಾಸಿಕದಲ್ಲಿ 1.5 ಕೋಟಿಯ ಐದು, 60 ಲಕ್ಷದ ಐದು ಫ್ಲ್ಯಾಟು ಮಾರಾಟವಾದವು ಎನ್ನಿ. ಸರಾಸರಿ 1.05 ಕೋಟಿ. ಮುಂದಿನ ತ್ರೈಮಾಸಿಕದಲ್ಲಿ ದೊಡ್ಡವು ಎರಡೇ, ಚಿಕ್ಕವು ಎಂಟು ಹೋದವು. ಸರಾಸರಿ 78 ಲಕ್ಷಕ್ಕೆ ಬಂತು. ‘ಬೆಲೆ ಶೇ 26ರಷ್ಟು ಕುಸಿತ’ ಎಂದು ತಲೆಬರಹ ಕೊಡಬಹುದು. ಒಂದೇ ಒಂದು ಫ್ಲ್ಯಾಟಿನ ಬೆಲೆಯೂ ಇಲ್ಲಿ ಕದಲಿಲ್ಲ.

ಆಫರ್ ಬಿಡಿಸಿ, ಅಳತೆ ಬದಲಿಸಿ

ಹೊಸ ಫ್ಲ್ಯಾಟಾದರೆ ಬಿಲ್ಡರ್ ಹೇಳುವ ಚದರಡಿ ರೇಟನ್ನು ಹಾಗೇ ಒಪ್ಪಿಕೊಳ್ಳಬೇಡಿ. ಆಫರ್‌ನಲ್ಲಿ ಬಂದದ್ದಕ್ಕೆಲ್ಲ ಬೆಲೆ ಕಟ್ಟಿ ಕಳೆಯಿರಿ. 90 ಲಕ್ಷದ ಮನೆಗೆ 4 ಲಕ್ಷದ ಪಾರ್ಕಿಂಗು, 3 ಲಕ್ಷದ ಮಾಡ್ಯುಲರ್ ಕಿಚನ್ ಬಿಟ್ಟಿಯಾಗಿ ಬಂದರೆ ನಿಜ ಬೆಲೆ 83 ಲಕ್ಷ. ರೇಟ್ ಕಾರ್ಡಿನಲ್ಲಿ ಕಾಣದ ಸುಮಾರು ಶೇ 8ರ ಇಳಿಕೆ ಅದು. ಕಿಚನ್ನಿಗೆ ಬಿಲ್ಡರ್ ಹೇಳಿದ ಬೆಲೆ ಹಾಕಬೇಡಿ, ಹೊರಗೆ ನೀವೇ ಮಾಡಿಸಿದರೆ ಎಷ್ಟಾಗುತ್ತದೋ ಅಷ್ಟು ಹಾಕಿ. ನಿಮಗೆ ಬೇಡದ ಕ್ಲಬ್ ಸದಸ್ಯತ್ವಕ್ಕೆ ಸೊನ್ನೆ.

ಇನ್ನು ಅಳತೆ. ಲಾಬಿ, ಮೆಟ್ಟಿಲು, ಲಿಫ್ಟಿನ ಪಾಲೆಲ್ಲ ಸೇರಿದ ಸೂಪರ್ ಬಿಲ್ಟ್‌ಅಪ್ ಲೆಕ್ಕ ಹೋಲಿಕೆಗೆ ಬಾರದು. 2016ರ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, ಯಾವುದೆಂದು ಸ್ಪಷ್ಟಪಡಿಸಿದೆ. ಅದನ್ನೇ ಕೇಳಿ ಪಡೆಯಿರಿ. 1,200 ಚದರಡಿಯ ಹಳೆಯ ಪ್ರಾಜೆಕ್ಟಿನಲ್ಲಿ ಕಾರ್ಪೆಟ್ 840, ಚದರಡಿಗೆ 7,000 ರೂಪಾಯಿ. ಅಂದರೆ 84 ಲಕ್ಷ. ಅದೇ ಬಿಲ್ಡರ್‌ನ ಹೊಸ ಪ್ರಾಜೆಕ್ಟಿನಲ್ಲಿ ಅದೇ 1,200 ಚದರಡಿ, ರೇಟು 6,800ಕ್ಕೆ ಇಳಿದಿದೆ, ಒಟ್ಟು 81.6 ಲಕ್ಷ. ಆದರೆ ಕಾರ್ಪೆಟ್ 780 ಮಾತ್ರ. ಕಾರ್ಪೆಟ್ ಲೆಕ್ಕದಲ್ಲಿ ಮೊದಲು ಚದರಡಿಗೆ 10,000 ಇದ್ದದ್ದು ಈಗ ಸುಮಾರು 10,460. ಇಳಿದಿದೆ ಎಂದು ಖುಷಿಪಟ್ಟವರು ಶೇ 4ಕ್ಕೂ ಹೆಚ್ಚು ಕೊಟ್ಟು ಬಂದಿರುತ್ತಾರೆ.

ಸೈಟಿನಲ್ಲಿ ಈ ಗೋಜಲಿಲ್ಲ, ಬೇರೆ ಗೋಜಲಿದೆ. ಎ ಖಾತಾಗೆ ಬಿ ಖಾತಾ, ಬಿಡಿಎ ಸೈಟಿಗೆ ರೆವಿನ್ಯೂ ಸೈಟು, ಮೂವತ್ತಡಿ ರಸ್ತೆಗೆ ಇಪ್ಪತ್ತಡಿ ರಸ್ತೆ ಹೋಲಿಸಿ ಬೆಲೆ ಇಳಿದಿದೆ ಎನ್ನುವವರೊಡನೆ ವಾದಕ್ಕಿಳಿಯದಿರುವುದೇ ಒಳ್ಳೆಯದು.

ರೂಪಾಯಿಯ ಸವಕಳಿ ಸೇರಿಸಿ

2013ರ ನಂತರ ಏಳೆಂಟು ವರ್ಷ ಬೆಂಗಳೂರಿನ ಹಲವು ಕಡೆ ಫ್ಲ್ಯಾಟಿನ ಬೆಲೆ ಮಂದಗತಿಯಲ್ಲೇ ಇತ್ತು. ಆಗ ಕೊಂಡವರು ‘ನಷ್ಟವೇನೂ ಆಗಲಿಲ್ಲ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. 2013-14ರಲ್ಲಿ 60 ಲಕ್ಷಕ್ಕೆ ಕೊಂಡ ಫ್ಲ್ಯಾಟು 2020-21ರಲ್ಲಿ 66 ಲಕ್ಷಕ್ಕೆ ಹೋಯಿತು ಎನ್ನಿ. ಬಾಯಿಲೆಕ್ಕದಲ್ಲಿ ಶೇ 10 ಲಾಭ. ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ 2013-14ಕ್ಕೆ 220, 2020-21ಕ್ಕೆ 301. 60 ಲಕ್ಷವನ್ನು 301ರಿಂದ ಗುಣಿಸಿ 220ರಿಂದ ಭಾಗಿಸಿದರೆ ಸುಮಾರು 82 ಲಕ್ಷ. ಅಂದರೆ ಅಷ್ಟು ಬಂದಿದ್ದರೆ ಹಾಕಿದ ದುಡ್ಡು ಬಂದಂತೆ, ಬಂದದ್ದು 66. ನಿಜ ಅರ್ಥದಲ್ಲಿ ಬೆಲೆ ಶೇ 20ರ ಹತ್ತಿರ ಇಳಿದಿದೆ, ಒಂದು ದಿನವೂ ರೇಟು ಇಳಿಯದೆ. ಈ ಸೂಚ್ಯಂಕ ಗ್ರಾಹಕ ಬೆಲೆಗಳ ಏರಿಕೆಯಲ್ಲಿ ಮುಕ್ಕಾಲು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ನಿಜವಾದ ಸವಕಳಿ ಇದಕ್ಕಿಂತ ಜಾಸ್ತಿ. ಅದೇ ಹೊತ್ತಿಗೆ, ಆ ಏಳು ವರ್ಷದ ಬಾಡಿಗೆ ಬಂದಿದ್ದರೆ, ಅಥವಾ ತಾವೇ ವಾಸವಿದ್ದು ಉಳಿಸಿದ್ದರೆ, ಅದನ್ನು ಲಾಭದ ಕಡೆ ಸೇರಿಸಬೇಕು. ಇಳಿದಿದೆ ಎಂದು ವಾದಿಸುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಬಾಡಿಗೆಯಿಂದ ಇನ್ನೊಂದು ಉಪಯೋಗವೂ ಇದೆ. 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20,000 ಬಾಡಿಗೆ ಎಂದರೆ ವರ್ಷಕ್ಕೆ ಶೇ 3. ಬೆಲೆ ಅಲ್ಲೇ ಇದ್ದು ಬಾಡಿಗೆ 28,000 ಆದರೆ ಅದು ಶೇ 4.2 ಆಗುತ್ತದೆ. ಕೊಂಡು ವಾಸಿಸುವವರ ಪಾಲಿಗೆ ಮನೆ ಅಷ್ಟರ ಮಟ್ಟಿಗೆ ಅಗ್ಗವಾಗಿದೆ.

ಬ್ಯಾಂಕ್ ಹರಾಜಿನ ಜಾಹೀರಾತು ತೋರಿಸಿ ‘ನೋಡಿ, ಅರ್ಧ ಬೆಲೆಗೆ’ ಎನ್ನುವವರಿದ್ದಾರೆ. ಅಲ್ಲಿ ಮುದ್ರಿಸಿರುವುದು ಮೀಸಲು ಬೆಲೆ, ಕೂಗು ಶುರುವಾಗುವುದು ಅಲ್ಲಿಂದ. ಒಳಗಿರುವವರನ್ನು ಬಿಡಿಸುವ ಕಷ್ಟ, ಬಾಕಿ ತೆರಿಗೆ ಎಲ್ಲ ಕೊಂಡವರ ತಲೆಗೆ ಬರಬಹುದು ಎಂದೇ ಅದು ಕಡಿಮೆ. ಅದೇ ಆಸ್ತಿ ಮತ್ತೆ ಮತ್ತೆ ಹರಾಜಿಗೆ ಬಂದು ಮೀಸಲು ಬೆಲೆ ಇಳಿಯುತ್ತಾ ಹೋದರೆ ಮಾತ್ರ ಗುರುತು ಹಾಕಿಕೊಳ್ಳಿ.

ಶೇಕಡಾ ಹೇಳುವಾಗ ಯಾವ ತಿಂಗಳಿನಿಂದ ಎಂದೂ ಹೇಳಿ. ಒಂದು ಕೋಟಿಯದು 75 ಲಕ್ಷಕ್ಕೆ ಬಂದರೆ ಶೇ 25 ಇಳಿಕೆ. ಅದು ಮತ್ತೆ ಕೋಟಿ ಮುಟ್ಟಲು ಶೇ 33 ಏರಬೇಕು. ‘ಇಳಿದದ್ದಕ್ಕಿಂತ ಹೆಚ್ಚು ಏರಿದೆ’ ಎಂಬ ಎಷ್ಟೋ ಹೆಮ್ಮೆಯ ಮಾತುಗಳಲ್ಲಿ ಬೆಲೆ ಹೊರಟಲ್ಲಿಗೇ ಬಂದು ನಿಂತಿರುತ್ತದೆ.

ಮಾತುಕತೆಗೆ ಕೂತಾಗ ಶೇಕಡಾ ಬೇಡವೇ ಬೇಡ. ದಸ್ತಾವೇಜಿನ ಸಂಖ್ಯೆ, ತಿಂಗಳು, ಕಾರ್ಪೆಟ್ ಚದರಡಿಗೆ ಬಿದ್ದ ಬೆಲೆ, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಇದೇ ಬಿಲ್ಡಿಂಗಿನ ಎರಡನೇ ಮಹಡಿ ಮಾರ್ಚಿನಲ್ಲಿ ಇಷ್ಟಕ್ಕೆ ರಿಜಿಸ್ಟ್ರಿ ಆಗಿದೆಯಲ್ಲ’ ಎಂದರೆ ಬ್ರೋಕರ್ ಮೊದಲು ಹೇಳುವುದು, ‘ಸಾರ್, ಅದು ಅವರು ಅರ್ಜೆಂಟಿಗೆ ಕೊಟ್ಟಿದ್ದು’ ಎಂದು. ಇರಬಹುದು. ಹಾಗಿದ್ದರೆ ಅದಕ್ಕಿಂತ ಹೆಚ್ಚಿಗೆ ಹೋದ, ಬ್ಯಾಂಕ್ ಸಾಲದ ನಮೂದು ಇರುವ ಇನ್ನೊಂದು ಕ್ರಯಪತ್ರ ತೋರಿಸಲು ಹೇಳಿ. ತೋರಿಸಿದರೆ ನಿಮ್ಮ ಚೀಟಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ. ತೋರಿಸದಿದ್ದರೆ ಮಾರ್ಚಿನ ಬೆಲೆಯಿಂದಲೇ ಮಾತು ಮುಂದುವರಿಸಿ.