ಹಿತ್ತಲ ಕೋಳಿ ಸಾಕಾಣಿಕೆ: ಎಳೆಯ ಹುಂಜ ಮಂಕಾದಾಗ ರೋಗ ಗುರುತಿಸುವ ಮತ್ತು ಉಪಚರಿಸುವ ಕ್ರಮ

ಹಿತ್ತಲಿನಲ್ಲಿ ಎಂಟು ಹತ್ತು ಕೋಳಿ ಸಾಕುವ ಕುಟುಂಬಕ್ಕೆ ನಾಲ್ಕೈದು ತಿಂಗಳ ಹುಂಜವು ಕಷ್ಟಕಾಲಕ್ಕೆ ಒದಗುವ ಹಣವಿದ್ದಂತೆ. ಹಬ್ಬದ ಖರ್ಚಿಗಾಗಲಿ, ಸ್ವಸಹಾಯ ಸಂಘದ ಕಂತಿಗಾಗಲಿ ಮೊದಲು ಸಂತೆಗೆ ಹೊರಡುವುದು ಅದೇ. ಅಂತಹ ಹುಂಜ ಮೇವು ಬಿಟ್ಟು ಮೂಲೆ ಸೇರಿದಾಗ ಅನೇಕರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಸಾಯುವ ಮುನ್ನ ಮಾರಿಬಿಡುವುದು, ಇಲ್ಲವೇ ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ನುಂಗಿಸುವುದು. ಮೊದಲನೆಯದು ರೋಗವನ್ನು ಇನ್ನೊಂದು ಊರಿಗೆ ಸಾಗಿಸುತ್ತದೆ. ಎರಡನೆಯದು ರೋಗದ ಲಕ್ಷಣಗಳನ್ನು ಮರೆಮಾಡಿ, ಸರಿಯಾದ ಚಿಕಿತ್ಸೆಗೆ ಸಿಗಬೇಕಾದ ಸಮಯವನ್ನು ಕಳೆಯುತ್ತದೆ. ಸಾಕಾಣಿಕೆದಾರರು ಅನುಸರಿಸಬೇಕಾದ ಸರಿಯಾದ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಮೊದಲು ದೂರದಿಂದ ಗಮನಿಸುವುದು

ಕೋಳಿಯು ಅಪಾಯ ಕಂಡಾಗ ತನ್ನ ದೌರ್ಬಲ್ಯವನ್ನು ಮುಚ್ಚಿಡುವ ಪಕ್ಷಿ. ಆದುದರಿಂದ ಹಿಡಿಯುವ ಮೊದಲು ಕೆಲವು ನಿಮಿಷ ದೂರದಲ್ಲಿ ನಿಂತು ನೋಡಬೇಕು. ಬೆಳಿಗ್ಗೆ ಗೂಡು ತೆರೆದಾಗ ಹುಂಜವು ಇತರ ಕೋಳಿಗಳೊಡನೆ ಹೊರಬಂದಿತೇ, ಪುಕ್ಕ ಉಬ್ಬಿಸಿಕೊಂಡು ತೂಕಡಿಸುತ್ತಿದೆಯೇ, ಕೊಕ್ಕು ತೆರೆದು ಉಸಿರಾಡುತ್ತಿದೆಯೇ, ಕುಂಟುತ್ತಿದೆಯೇ ಎಂಬುದನ್ನು ಗುರುತಿಸಬೇಕು. ಹಿರಿಯ ಹುಂಜವು ಅದನ್ನು ಮೇವಿನಿಂದ ಓಡಿಸುತ್ತಿದೆಯೇ ಎಂಬುದೂ ಮುಖ್ಯ. ಎಳೆಯ ಹುಂಜಗಳು ಸೊರಗಲು ಕೆಲವೊಮ್ಮೆ ರೋಗವಲ್ಲ, ಹಸಿವು ಮತ್ತು ಕಾದಾಟದ ಗಾಯಗಳೇ ಕಾರಣವಾಗಿರುತ್ತವೆ.

ಹಿಕ್ಕೆಯು ಬಹಳಷ್ಟನ್ನು ತಿಳಿಸುತ್ತದೆ. ಆರೋಗ್ಯವಂತ ಕೋಳಿಯ ಹಿಕ್ಕೆ ಕಂದು ಬಣ್ಣದ್ದಾಗಿದ್ದು ಮೇಲೆ ಬಿಳಿಯ ಲೇಪವಿರುತ್ತದೆ. ದಿನಕ್ಕೆ ಕೆಲವು ಬಾರಿ ಮೆತ್ತನೆಯ, ಕಡುಗಂದು ಬಣ್ಣದ, ದುರ್ವಾಸನೆಯ ಹಿಕ್ಕೆ ಬೀಳುವುದು ಸಹಜ. ಅದನ್ನು ಭೇದಿಯೆಂದು ಭಾವಿಸಬಾರದು. ಮೇವು ಬಿಟ್ಟ ಯಾವುದೇ ಕೋಳಿಯ ಹಿಕ್ಕೆ ಪಿತ್ತರಸದಿಂದ ಹಸಿರಾಗಬಹುದು. ಹೀಗಾಗಿ ಹಸಿರು ಹಿಕ್ಕೆಯೊಂದನ್ನೇ ನೋಡಿ ಕೊಕ್ಕರೆ ರೋಗವೆಂದು ನಿರ್ಧರಿಸಲಾಗದು. ಆದರೆ ಹಿಕ್ಕೆಯಲ್ಲಿ ರಕ್ತ ಕಂಡರೆ ವಿಳಂಬ ಸಲ್ಲದು.

2. ಕೈಯಲ್ಲಿ ಹಿಡಿದು ಪರೀಕ್ಷಿಸುವುದು

ಕೈಗವಸು ಧರಿಸಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ರೆಕ್ಕೆಗಳನ್ನು ಮೈಗೆ ಒತ್ತಿ ಹುಂಜವನ್ನು ಮೃದುವಾಗಿ ಹಿಡಿಯಬೇಕು. ಅನಂತರ ತಲೆಯಿಂದ ಪಾದದವರೆಗೆ ಕ್ರಮವಾಗಿ ಪರೀಕ್ಷಿಸಬೇಕು.

ಜುಟ್ಟು: ಬಿಳಿಚಿಕೊಂಡಿದ್ದರೆ ರಕ್ತಹೀನತೆ, ಜಂತುಹುಳು, ರಕ್ತಭೇದಿ ಅಥವಾ ರಕ್ತ ಹೀರುವ ಉಣ್ಣೆ ಕಾರಣವಿರಬಹುದು. ನೀಲಿಗಟ್ಟಿದ್ದರೆ ಸ್ಥಿತಿ ಗಂಭೀರ.
ಕಣ್ಣು, ಮೂಗು, ಬಾಯಿ: ಊತ, ಸ್ರಾವ, ದುರ್ವಾಸನೆ ಅಥವಾ ಬಾಯೊಳಗೆ ಹಳದಿ ಪೊರೆ ಇದೆಯೇ ನೋಡಬೇಕು.
ಮೇವಿನ ಚೀಲ: ಬೆಳಿಗ್ಗೆ ಮೇವಿಗೆ ಮುನ್ನ ಇದು ಖಾಲಿಯಿರಬೇಕು. ಗಟ್ಟಿಯಾಗಿ ಉಳಿದಿದ್ದರೆ ನಾರು, ದಾರ ಮುಂತಾದವು ಕಟ್ಟಿಕೊಂಡಿರಬಹುದು.
ಎದೆಮೂಳೆ: ಎರಡೂ ಬದಿಯ ಮಾಂಸ ಕರಗಿ ಮೂಳೆ ಚೂಪಾಗಿ ಕೈಗೆ ತಗುಲಿದರೆ ರೋಗ ಹಲವು ದಿನಗಳದ್ದು. ಮೈ ತುಂಬಿಕೊಂಡಿದ್ದೂ ಕೋಳಿ ಕುಸಿದಿದ್ದರೆ ರೋಗ ಹೊಸತು, ವೇಗವಾದುದು.
ರೆಕ್ಕೆಯ ಕೆಳಭಾಗ ಮತ್ತು ಗುದದ್ವಾರ: ಹೇನು, ಉಣ್ಣೆ, ಅಂಟಿಕೊಂಡ ಹಿಕ್ಕೆಯನ್ನು ಗಮನಿಸಬೇಕು.
ಪಾದದ ಅಡಿ: ಊತ ಹಾಗೂ ಕಪ್ಪು ಹಕ್ಕಳೆ ಇದ್ದರೆ ಕುಂಟುವಿಕೆಗೆ ಕೀವುಗಟ್ಟಿದ ಗಾಯವೇ ಕಾರಣವಿರಬಹುದು.

ಕೋಳಿಯ ದೇಹದ ಸಹಜ ಉಷ್ಣತೆಯೇ ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ಮನುಷ್ಯನ ಕೈಗೆ ಅದು ಯಾವಾಗಲೂ ಬಿಸಿಯಾಗಿಯೇ ತೋರುತ್ತದೆ. ಮೈ ಮುಟ್ಟಿ ಜ್ವರವೆಂದು ತೀರ್ಮಾನಿಸಿ ಜ್ವರದ ಮಾತ್ರೆ ನೀಡಕೂಡದು.

3. ಲಕ್ಷಣಗಳಿಂದ ರೋಗವನ್ನು ಊಹಿಸುವುದು

ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಕೆಲಸ ಮುಗಿದಂತೆ: ಎಷ್ಟು ಕೋಳಿಗಳು ಮಂಕಾಗಿವೆ? ಎಷ್ಟು ದಿನಗಳಲ್ಲಿ? ಯಾವ ಲಸಿಕೆ ಹಾಕಿಸಲಾಗಿದೆ?

ಕೊಕ್ಕರೆ ರೋಗ (ರಾಣಿಖೇತ್): ಒಂದರ ಹಿಂದೆ ಒಂದರಂತೆ ಕೋಳಿಗಳು ಬೀಳುತ್ತವೆ. ಉಸಿರಾಟದಲ್ಲಿ ಗೊರಗೊರ ಶಬ್ದ, ಹಸಿರು ಮಿಶ್ರಿತ ಭೇದಿ, ಬದುಕುಳಿದವುಗಳಲ್ಲಿ ಕುತ್ತಿಗೆ ತಿರುಚುವುದು, ರೆಕ್ಕೆ ಕಾಲುಗಳ ಪಾರ್ಶ್ವವಾಯು ಕಾಣುತ್ತವೆ. ಇದು ವೈರಾಣು ರೋಗ. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷಣೆ.

ಮಾರೆಕ್ಸ್ ರೋಗ: ಎರಡರಿಂದ ಐದು ತಿಂಗಳ ಕೋಳಿಗಳಲ್ಲಿ ಹೆಚ್ಚು. ಕೋಳಿ ನಿಧಾನವಾಗಿ ಸೊರಗುತ್ತದೆ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಮಲಗುತ್ತದೆ. ಇದಕ್ಕೂ ಚಿಕಿತ್ಸೆಯಿಲ್ಲ. ಮರಿ ಹೊರಬಂದ ಮೊದಲ ದಿನವೇ ಮರಿ ಕೇಂದ್ರದಲ್ಲಿ ಲಸಿಕೆ ಹಾಕಿರಬೇಕು.

ರಕ್ತಭೇದಿ: ಮೂರರಿಂದ ಎಂಟು ವಾರದ ಮರಿಗಳಲ್ಲಿ ಹೆಚ್ಚಾದರೂ, ಒದ್ದೆ ನೆಲದ ಗೂಡುಗಳಲ್ಲಿ ದೊಡ್ಡ ಕೋಳಿಗಳಿಗೂ ತಗುಲುತ್ತದೆ. ಬೇಗ ಗುರುತಿಸಿದರೆ ಗುಣವಾಗುವ ರೋಗವಿದು.

ಸಿಡುಬು: ಜುಟ್ಟು, ಕಣ್ಣಿನ ಸುತ್ತ ಹಕ್ಕಳೆಗಟ್ಟಿದ ಗುಳ್ಳೆಗಳು. ಸೊಳ್ಳೆಗಳಿಂದ ಹರಡುತ್ತದೆ. ಹಕ್ಕಳೆಗಳನ್ನು ಕೀಳಬಾರದು. ಬಾಯೊಳಗೆ ಗುಳ್ಳೆಯಿಲ್ಲದಿದ್ದರೆ ಮೂರು ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ.

ನೆಗಡಿ ರೋಗ: ಮುಖದ ಊತ, ದುರ್ವಾಸನೆಯ ಸಿಂಬಳ, ಮುಚ್ಚಿದ ಕಣ್ಣು. ಇದು ಬ್ಯಾಕ್ಟೀರಿಯಾದಿಂದ ಬರುವುದರಿಂದ ವೈದ್ಯರು ಸೂಚಿಸಿದ ಜೀವಪ್ರತಿರೋಧಕ ಔಷಧ ಫಲ ನೀಡುತ್ತದೆ.

4. ಮೊದಲ ದಿನದ ಉಪಚಾರ

ರೋಗ ಯಾವುದೇ ಆಗಿರಲಿ, ಹುಂಜವನ್ನು ಕೂಡಲೇ ಬೇರ್ಪಡಿಸಿ ಗಾಳಿ ಹೊಡೆಯದ ಒಣ ಜಾಗದಲ್ಲಿ, ಒಣಹುಲ್ಲು ಹಾಸಿದ ಮಂಕರಿಯಡಿ ಇರಿಸಬೇಕು. ರಾತ್ರಿ ಬೆಚ್ಚಗಿರುವಂತೆ ನೋಡಿಕೊಳ್ಳಬೇಕು. ಕೊಕ್ಕಿಗೆ ಎಟುಕುವಂತೆ ಶುದ್ಧ ನೀರಿಡಬೇಕು. ಮೊದಲ ದಿನ ಸ್ವಲ್ಪ ಬೆಲ್ಲ ಕದಡಿದ ನೀರನ್ನು ಕೊಡಬಹುದು. ಮೇವು ತಿನ್ನುವಂತಿದ್ದರೆ ಮೆತ್ತಗೆ ಬೇಯಿಸಿದ ಅನ್ನ ಅಥವಾ ನೆನೆಸಿದ ನುಚ್ಚನ್ನು ಸ್ವಲ್ಪ ಸ್ವಲ್ಪವೇ ನೀಡಬೇಕು. ಬಾಯಿ ತೆರೆದು ನೀರು ಸುರಿಯಬಾರದು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುವುದರಿಂದ ನೀರು ಶ್ವಾಸಕೋಶ ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಕೊಕ್ಕಿನ ಅಂಚಿಗೆ ಹನಿಹನಿಯಾಗಿ ತಾಗಿಸಿದರೆ ಅದೇ ನುಂಗಿಕೊಳ್ಳುತ್ತದೆ. ಮನೆಯವರು ಮೊದಲು ಆರೋಗ್ಯವಂತ ಕೋಳಿಗಳಿಗೆ ಮೇವು ಹಾಕಿ, ಕೊನೆಯಲ್ಲಿ ರೋಗಿಯ ಬಳಿಗೆ ಹೋಗಿ, ಸಾಬೂನಿನಿಂದ ಕೈ ತೊಳೆಯತಕ್ಕದ್ದು.

5. ಔಷಧ ನೀಡುವಾಗ ಎಚ್ಚರ

ಔಷಧದ ಪ್ರಮಾಣವನ್ನು ಕೋಳಿಯ ತೂಕ ಅಥವಾ ಕುಡಿಯುವ ನೀರಿನ ಅಳತೆಯಿಂದ ನಿರ್ಧರಿಸಲಾಗುತ್ತದೆ. ಹುಂಜವನ್ನು ಚೀಲದಲ್ಲಿಟ್ಟು ತಕ್ಕಡಿಗೆ ತೂಗಿಸಿ, ತೂಕವನ್ನು ವೈದ್ಯರಿಗೆ ತಿಳಿಸಬೇಕು. ರಕ್ತಭೇದಿಗೆ ಬಳಸುವ ಆಂಪ್ರೋಲಿಯಂ ಔಷಧವನ್ನು ಸಾಮಾನ್ಯವಾಗಿ ಒಂದು ಲೀಟರ್ ನೀರಿಗೆ 240 ಮಿಲಿಗ್ರಾಂ ಪ್ರಮಾಣದಲ್ಲಿ ಮೂರರಿಂದ ಐದು ದಿನ ನೀಡಲಾಗುತ್ತದೆ. ಶೇ 20ರ ಪುಡಿಯಾದರೆ ಇದು ಲೀಟರಿಗೆ 1.2 ಗ್ರಾಂ ಆಗುತ್ತದೆ. ಆ ಅವಧಿಯಲ್ಲಿ ಬೇರೆ ನೀರು ಸಿಗದಂತೆ ನೋಡಿಕೊಂಡು, ಪ್ರತಿದಿನ ಹೊಸದಾಗಿ ಕದಡಬೇಕು. ಜಂತುನಾಶಕ ಹಾಗೂ ಜೀವಪ್ರತಿರೋಧಕಗಳನ್ನು ಪಶುವೈದ್ಯರ ಚೀಟಿಯಿಲ್ಲದೆ ಬಳಸಬಾರದು. ಔಷಧ ಪಡೆದ ಹುಂಜದ ಮಾಂಸವನ್ನು ಪೊಟ್ಟಣದ ಮೇಲೆ ನಮೂದಿಸಿದ ಅವಧಿ ಕಳೆಯುವವರೆಗೆ ತಿನ್ನುವಂತಿಲ್ಲ, ಮಾರುವಂತಿಲ್ಲ.

6. ತಕ್ಷಣ ತಿಳಿಸಬೇಕಾದ ಸಂದರ್ಭಗಳು

ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ, ಜುಟ್ಟು ಊದಿ ನೀಲಿಗಟ್ಟಿದರೆ, ಕಾಲುಗಳ ಮೇಲೆ ರಕ್ತದ ಕಲೆ ಕಂಡರೆ, ಕಾಗೆ ಮುಂತಾದ ಹಕ್ಕಿಗಳೂ ಸಾಯುತ್ತಿದ್ದರೆ ಹಕ್ಕಿಜ್ವರವನ್ನು ಶಂಕಿಸಬೇಕು. ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ 2012ರಲ್ಲಿ ಈ ರೋಗ ದೃಢಪಟ್ಟಿತ್ತು. ಇದು ಮನುಷ್ಯರಿಗೂ ತಗುಲಬಲ್ಲದು. ಆದುದರಿಂದ ಸತ್ತ ಕೋಳಿಯನ್ನು ಕೊಯ್ಯುವುದು, ಪುಕ್ಕ ಕೀಳುವುದು, ಮಕ್ಕಳು ಮುಟ್ಟುವುದು ಸಂಪೂರ್ಣ ನಿಷಿದ್ಧ.

ಕೊಕ್ಕರೆ ರೋಗ ಮತ್ತು ಹಕ್ಕಿಜ್ವರ ಎರಡೂ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿವೆ. ಶಂಕೆ ಬಂದೊಡನೆ ಗ್ರಾಮ ಪಂಚಾಯಿತಿಗೆ ಅಥವಾ ಗ್ರಾಮಾಧಿಕಾರಿಗೆ ತಿಳಿಸುವುದು ಮಾಲೀಕರ ಕರ್ತವ್ಯ. ಸಮೀಪದ ಪಶುವೈದ್ಯ ಸಂಸ್ಥೆಯನ್ನು ಅಥವಾ 1962 ಶುಲ್ಕರಹಿತ ಸಂಖ್ಯೆಯನ್ನೂ ಸಂಪರ್ಕಿಸಬಹುದು. ವೈದ್ಯರು ಮಾದರಿ ಬೇಡವೆಂದ ಬಳಿಕ ಸತ್ತ ಕೋಳಿಯನ್ನು ಬಾವಿ, ಕೆರೆಗಳಿಂದ ದೂರ, ನಾಯಿಗಳು ಅಗೆಯಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ತಿಪ್ಪೆಗೆ, ಹಳ್ಳಕ್ಕೆ ಎಸೆಯುವಂತಿಲ್ಲ.

7. ಮುಂದಿನ ಮರಿಗಳ ರಕ್ಷಣೆ

ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು 5ರಿಂದ 7ನೇ ದಿನದಲ್ಲಿ ಕಣ್ಣು ಅಥವಾ ಮೂಗಿಗೆ ಹನಿಯಾಗಿ, ಎರಡನೆಯದನ್ನು ನಾಲ್ಕನೇ ವಾರದಲ್ಲಿ, ಆರ್‌2ಬಿ ಚುಚ್ಚುಮದ್ದನ್ನು ಸುಮಾರು 8ನೇ ವಾರದಲ್ಲಿ ಹಾಕಿಸಬೇಕು. ಹನಿ ಲಸಿಕೆ ಪಡೆಯದ ಕೋಳಿಯಾದರೆ ಚುಚ್ಚುಮದ್ದಿಗೆ ಮುನ್ನ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಮಂಕಾದ ಕೋಳಿಗೆ ಲಸಿಕೆ ಹಾಕಿಸಬಾರದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ತಂದು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸಬೇಕು. ಒಂದು ಸೀಸೆಯಲ್ಲಿ ಹಲವು ಕೋಳಿಗಳಿಗಾಗುವಷ್ಟು ಲಸಿಕೆ ಇರುವುದರಿಂದ ಒಂದೇ ಮನೆಗೆ ಅದನ್ನು ಒಡೆಯುವುದು ನಷ್ಟ. ಸ್ವಸಹಾಯ ಸಂಘಗಳು ಪಶುಸಖಿಯರ ನೆರವಿನಿಂದ ಕೇರಿಯ ಎಲ್ಲ ಮನೆಗಳ ಕೋಳಿಗಳನ್ನು ಲೆಕ್ಕ ಹಾಕಿ, ಒಂದೇ ಮುಂಜಾನೆ ಗೂಡು ತೆರೆಯುವ ಮುನ್ನ ಲಸಿಕೆ ಹಾಕಿಸುವುದು ಸೂಕ್ತ.

ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡಬೇಕು. ಕೊಕ್ಕರೆ ರೋಗದ ಸೋಂಕು ತಗುಲಿದ ಮೇಲೆ ಲಕ್ಷಣ ತೋರಲು ಎರಡರಿಂದ ಹದಿನೈದು ದಿನ ಹಿಡಿಯಬಹುದಾದ್ದರಿಂದ, ಕೊಂಡ ದಿನ ಚುರುಕಾಗಿ ಕಂಡ ಹುಂಜವೂ ರೋಗವನ್ನು ಹೊತ್ತು ತಂದಿರಬಹುದು. ಮಂಕಾದ ಹುಂಜವನ್ನು ಸಂತೆಗೆ ಒಯ್ಯದೆ ಮನೆಯಲ್ಲೇ ಉಳಿಸಿಕೊಂಡ ಕುಟುಂಬವು ಒಂದು ಹುಂಜದ ಬೆಲೆಯನ್ನು ಕಳೆದುಕೊಳ್ಳಬಹುದು. ಆದರೆ ಊರಿನ ಉಳಿದ ಹಿತ್ತಲುಗಳನ್ನು ಕಾಯುತ್ತದೆ.